ಮುಟ್ಟುವ ಜಾಗ, ಬಿಡುವ ಜಾಗ

ಹರಿಹರದ ಕಡೆ ಒಂದು ಕಾಲಕ್ಕೆ ಹೆಣ್ಣಿನ ಮನೆಯವರು ‘ಹುಡುಗ ಏನ್ ಮಾಡ್ತಾನೆ?’ ಎಂದು ಕೇಳಿದರೆ ‘ಕಿರ್ಲೋಸ್ಕರ್‌ನಲ್ಲಿ ಫಿಟ್ಟರ್’ ಎಂಬ ಉತ್ತರವೇ ಸಾಕಾಗುತ್ತಿತ್ತು. ಹೊಲ ಎಷ್ಟು, ಮನೆ ಸ್ವಂತದ್ದಾ ಎಂಬ ಮಾತೆಲ್ಲ ಆಮೇಲೆ. ಕಾರ್ಖಾನೆಯೊಳಗೆ ಮೌಲ್ಡರ್ ಇದ್ದ, ಟರ್ನರ್ ಇದ್ದ, ಗ್ರೈಂಡರ್ ಇದ್ದ. ಅವರೆಲ್ಲರ ಕೈಯಿಂದ ಬಂದ ಬಿಡಿಭಾಗಗಳನ್ನು ಒಂದರ ಮೇಲೊಂದು ಕೂರಿಸಿ, ಒಂದೇ ಯಂತ್ರವಾಗಿ ಓಡಿಸಿ ತೋರಿಸುವ ಹೊಣೆ ಮಾತ್ರ ಫಿಟ್ಟರನದು. ಬಿಡಿಭಾಗ ಎಷ್ಟೇ ಚೆನ್ನಾಗಿರಲಿ, ಅವನ ಕೈ ತಪ್ಪಿದರೆ ಅಲ್ಲಿ ಮಾಡುತ್ತಿದ್ದ ಲೇತು (ಲೋಹ ಕಡೆಯುವ ಯಂತ್ರ) ಕೆಟ್ಟದ್ದೇ. ಎರಡು ವಸ್ತು ಎಲ್ಲಿ ಒಂದನ್ನೊಂದು ಮುಟ್ಟಬೇಕು, ಎಲ್ಲಿ ಕೂದಲೆಳೆಯಷ್ಟು ಜಾಗ ಬಿಟ್ಟು ನಿಲ್ಲಬೇಕು ಎಂಬುದನ್ನು ತೀರ್ಮಾನಿಸುವುದೇ ಅವನ ಕಸುಬು.

ಈ ಕಸುಬಿನ ಬಗ್ಗೆ ಕನ್ನಡದಲ್ಲಿ ಬರೆದದ್ದು ಬಹಳ ಕಡಿಮೆ. ನೇಯ್ಗೆ, ಕುಂಬಾರಿಕೆ, ಶಿಲ್ಪ, ಬಡಗಿತನಗಳ ಮೇಲೆ ಪುಸ್ತಕಗಳಿವೆ. ಕಬ್ಬಿಣದ ಮೇಲೆ ಕಬ್ಬಿಣ ಕೂರಿಸುವವನ ಮೇಲೆ, ಮರದೊಳಗೆ ಉಕ್ಕು ಕೂರಿಸುವವನ ಮೇಲೆ ಅಂಥದ್ದು ಸಿಗುವುದು ಕಷ್ಟ. ದಾವಣಗೆರೆ–ಹರಿಹರದವರಿಗಾದರೂ ಇದು ಬೇಸರದ ಸಂಗತಿಯಾಗಬೇಕು.

ಮೈಸೂರು ಕಿರ್ಲೋಸ್ಕರ್ ಕಂಪನಿ ಹರಿಹರಕ್ಕೆ ಬಂದದ್ದು 1941ರಲ್ಲಿ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಶುರುಮಾಡಿ, ಕಬ್ಬಿಣದ ನೇಗಿಲು ಮಾಡಿ, 1910ರಲ್ಲಿ ಔಂಧ್ ಸಂಸ್ಥಾನದ ಬಯಲಿನಲ್ಲಿ ಕಿರ್ಲೋಸ್ಕರವಾಡಿ ಕಟ್ಟಿದ ಕಥೆ ಬಹಳ ಮಂದಿಗೆ ಗೊತ್ತು. ಮೈಸೂರು ಸಂಸ್ಥಾನಕ್ಕೆ ಅವರನ್ನು ಕರೆತಂದದ್ದು ಮಿರ್ಜಾ ಇಸ್ಮಾಯಿಲರ ದಿವಾನಗಿರಿಯ ಕಾಲದ ಕೈಗಾರಿಕಾ ಉತ್ಸಾಹ. ತುಂಗಭದ್ರೆಯ ಈಚೆ ದಡ ಮೈಸೂರು, ಆಚೆ ದಡ ಮುಂಬೈ ಪ್ರಾಂತ್ಯ. ಬೆಂಗಳೂರು–ಪುಣೆ ರೈಲು ಹಾದಿ ಊರನ್ನು ಮುಟ್ಟಿಕೊಂಡೇ ಹೋಗುತ್ತಿತ್ತು. ಹೊರಗೆ ಮಹಾಯುದ್ಧ ನಡೆದಿದ್ದು, ವಿದೇಶಿ ಯಂತ್ರಗಳು ಬರುವುದು ದುಸ್ತರವಾಗಿತ್ತು. ಆ ಹೊತ್ತಿನಲ್ಲಿ ಲೇತು ಮಾಡುವ ಕಾರ್ಖಾನೆ ಎದ್ದಿತು, ಸುತ್ತಲಿನ ಬಡಾವಣೆಗೆ ಯಂತ್ರಪುರ ಎಂದು ಹೆಸರಾಯಿತು. ಬೆಂಗಳೂರಿನಲ್ಲಿ ಎಚ್‌ಎಂಟಿ ಹುಟ್ಟಿದ್ದು 1953ರಲ್ಲಿ. ಅದಕ್ಕೂ ಹನ್ನೆರಡು ವರ್ಷ ಮೊದಲೇ ಹರಿಹರ ಲೇತಿನ ಊರಾಗಿತ್ತು. ಎಂಟರ್‌ಪ್ರೈಸ್, ಟರ್ನ್‌ಮಾಸ್ಟರ್ ಎಂಬ ಹೆಸರು ಹೊತ್ತ ಇಲ್ಲಿನ ಲೇತುಗಳು ದೇಶದ ಉದ್ದಗಲಕ್ಕೂ ಹೋದವು.

ಲೇತೊಂದು ಮೈತಳೆಯುವ ಬಗೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು.

ಎರಕ ಹೊಯ್ದ ಬೆಡ್ಡನ್ನು, ಅಂದರೆ ಲೇತಿನ ತಳಹಾಸನ್ನು, ಹಾಗೇ ಯಂತ್ರಕ್ಕೆ ಕೊಡುವಂತಿಲ್ಲ. ಕಾದು ತಣ್ಣಗಾದ ಬೀಡು ಕಬ್ಬಿಣದೊಳಗೆ ಸೆಳೆತ ಉಳಿದಿರುತ್ತದೆ; ಅದು ಹೋಗುವ ಮೊದಲೇ ಸಾಣೆ ಹಿಡಿದರೆ ಮುಂದೆ ಎಂದಾದರೂ ಬೆಡ್ಡು ತಿರುಚಿಕೊಳ್ಳುತ್ತದೆ. ಹಳೆಯ ಕಾರ್ಖಾನೆಗಳಲ್ಲಿ ಎರಕಗಳನ್ನು ಬಿಸಿಲು ಮಳೆಗೆ ಬಿಟ್ಟು ತಿಂಗಳುಗಟ್ಟಲೆ ಹದಗೊಳಿಸುತ್ತಿದ್ದರು. ಆಮೇಲೆ ಪ್ಲೇನಿಂಗ್, ಗ್ರೈಂಡಿಂಗ್. ಅಲ್ಲಿಗೆ ಕಣ್ಣಿಗೆ ಕನ್ನಡಿಯಂತೆ ಕಾಣುತ್ತದೆ. ಫಿಟ್ಟರನ ಕೆಲಸ ಅಲ್ಲಿಂದ ಶುರು.

ಅವನು ಸರ್ಫೇಸ್ ಪ್ಲೇಟಿಗೆ ನೀಲಿ ಬಣ್ಣವನ್ನು ಬೆರಳ ತುದಿಯಿಂದ ತೆಳ್ಳಗೆ ಸವರುತ್ತಾನೆ. ಪ್ರಶ್ಯನ್ ಬ್ಲೂ. ಬೆಡ್ಡಿನ ಮೇಲೆ ಟೂಲನ್ನು ಹೊತ್ತು ಸರಿಯುವ ಸ್ಯಾಡಲಿನ ತಳವನ್ನು ಅದರ ಮೇಲಿಟ್ಟು ಎರಡು ಬೆರಳಗಲ ಆಚೆ ಈಚೆ ಸರಿಸಿ ಎತ್ತುತ್ತಾನೆ. ಉಬ್ಬಿದ್ದ ಜಾಗಕ್ಕೆ ನೀಲಿ ಹತ್ತಿರುತ್ತದೆ, ತಗ್ಗಿದ್ದ ಜಾಗ ಬೂದು ಬಣ್ಣದಲ್ಲೇ ಉಳಿದಿರುತ್ತದೆ. ಚಪ್ಪಟೆ ಬಾಯಿಯ ಸ್ಕ್ರೇಪರನ್ನು ಸೊಂಟಕ್ಕೆ ಆನಿಸಿ, ಮೈಭಾರ ಕೊಟ್ಟು, ನೀಲಿ ಹತ್ತಿದ ಚುಕ್ಕೆಗಳನ್ನಷ್ಟೇ ಕೆರೆಯುತ್ತಾನೆ. ಒಂದು ಕೆರೆತಕ್ಕೆ ಹೋಗುವುದು ಕೆಲವೇ ಮೈಕ್ರಾನ್ ಲೋಹ. ಒರೆಸಿ, ಮತ್ತೆ ನೀಲಿ, ಮತ್ತೆ ಕೆರೆತ. ಮೊದಲ ಸಲ ಇಡೀ ತಳದಲ್ಲಿ ಮೂರೋ ನಾಲ್ಕೋ ಕಡೆ ನೀಲಿ ಹತ್ತುತ್ತದೆ. ಕೆರೆದಂತೆಲ್ಲ ಚುಕ್ಕೆಗಳು ಹೆಚ್ಚುತ್ತವೆ, ಚಿಕ್ಕವಾಗುತ್ತವೆ, ಎಲ್ಲೆಡೆ ಹರಡುತ್ತವೆ. ಒಂದು ಚದರ ಇಂಚಿಗೆ ಇಷ್ಟು ಚುಕ್ಕೆ ಎಂದು ಎಣಿಸುತ್ತಾರೆ. ಹತ್ತಾದರೆ ಒಂದು ದರ್ಜೆ, ಇಪ್ಪತ್ತು ದಾಟಿದರೆ ಬಹಳ ಉತ್ತಮ ದರ್ಜೆ. ನಡುನಡುವಿನ ತಗ್ಗುಗಳೂ ಬೇಕು, ಎಣ್ಣೆ ನಿಲ್ಲುವುದು ಅಲ್ಲೇ. ಪೂರಾ ನುಣ್ಣಗಿರುವ ಎರಡು ಮೈ ಒಂದಕ್ಕೊಂದು ಅಂಟಿ ಹಿಡಿದುಕೊಂಡುಬಿಡುತ್ತವೆ.

ಯಂತ್ರ ಸಿದ್ಧವಾದ ಮೇಲೆ ಪರೀಕ್ಷೆ. ಜರ್ಮನಿಯ ಗೇಯೋರ್ಗ್ ಶ್ಲೆಸಿಂಗರ್ 1927ರಲ್ಲಿ ಯಂತ್ರೋಪಕರಣಗಳ ತಪಾಸಣೆಗೆ ಕ್ರಮವೊಂದನ್ನು ಹಾಕಿಕೊಟ್ಟರು, ಲೇತು ಮಾಡುವವರು ಇಂದಿಗೂ ಹಿಡಿಯುವುದು ಅದರ ಜಾಡನ್ನೇ. ಆ ಕ್ರಮದಲ್ಲಿರುವ ಒಂದು ವಿವೇಕ ನನಗೆ ಬಹಳ ಇಷ್ಟ. ಸ್ಪಿಂಡಲಿನಲ್ಲಿ ಹಿಡಿದ ಪರೀಕ್ಷಾ ಸಲಾಕೆಯ ತುದಿ ಬೆಡ್ಡಿಗೆ ತುಸು ತಪ್ಪಿದರೆ ಒಪ್ಪಬಹುದು, ಆದರೆ ಮೇಲಕ್ಕೆ ಮಾತ್ರ, ಟೂಲಿನ ಕಡೆಗೆ ಮಾತ್ರ. ಕೆಳಕ್ಕೆ ಒಂದಿಷ್ಟೂ ಇಳಿಯಕೂಡದು. ಏಕೆಂದರೆ ನಾಳೆ ಚಕ್ಕಿಗೆ ಭಾರದ ಜಾಬು ಕಟ್ಟಿದಾಗ ಅದು ಕೆಳಕ್ಕೆ ಜಗ್ಗುತ್ತದೆ, ಕಟ್ಟಿಂಗ್ ಒತ್ತಡ ಹಿಂದಕ್ಕೆ ನೂಕುತ್ತದೆ. ಫೇಸಿಂಗ್ ಮಾಡಿದ ತಟ್ಟೆ ನಡುವೆ ಚೂರು ಗುಳಿಬಿದ್ದಿರಬಹುದು, ಉಬ್ಬಿರಬಾರದು. ಗುಳಿ ಇದ್ದರೆ ಆ ತಟ್ಟೆ ಅಂಚಿನ ಮೇಲೆ ಅಲುಗದೆ ಕೂರುತ್ತದೆ, ಉಬ್ಬಿದ್ದರೆ ನಡುವಿನ ಮೇಲೆ ತೂಗಾಡುತ್ತದೆ. ಟೇಲ್‌ಸ್ಟಾಕಿನ ಮೊನೆ ಕೂದಲಷ್ಟು ಎತ್ತರ ಇರಬಹುದು, ತಗ್ಗಿರಬಾರದು. ಸವೆತ ಅದನ್ನು ತಾನಾಗಿ ಸರಿಯಾದ ಮಟ್ಟಕ್ಕೆ ತರುತ್ತದೆ. ಮುಂದಿನ ಹತ್ತು ಇಪ್ಪತ್ತು ವರ್ಷದ ಸವೆತವನ್ನು ಇಂದೇ ಲೆಕ್ಕಕ್ಕೆ ಹಿಡಿದು ಕೂರಿಸುವ ಕೆಲಸ ಇದು. ಯಂತ್ರಪುರದ ಫಿಟ್ಟರುಗಳು ಇದನ್ನು ಪುಸ್ತಕಕ್ಕಿಂತ ಹೆಚ್ಚಾಗಿ ಹಿರಿಯರ ಪಕ್ಕದಲ್ಲಿ ನಿಂತು ಕಲಿತರು.

ನೀಲಿ ಹಚ್ಚಿ ಕೆರೆಯುವ ಈ ವಿದ್ಯೆಯನ್ನು ಜಗತ್ತಿನ ಕಾರ್ಖಾನೆಗಳಿಗೆ ಒಪ್ಪಿಸಿದವರಲ್ಲಿ ಮೊದಲಿಗ ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ತ್. ಮೂರು ಫಲಕಗಳನ್ನು ಒಂದಕ್ಕೊಂದು ಉಜ್ಜಿನೋಡಿ, ಕೆರೆದು, ನಿಜವಾದ ಸಮತಲ ಪಡೆಯುವ ಬಗೆಯನ್ನು ಆತ 1840ರಲ್ಲಿ ಗ್ಲಾಸ್ಗೋದ ಸಭೆಯೊಂದರಲ್ಲಿ ವಿವರಿಸಿದ. ಮರುವರ್ಷ ತಿರುಪಿನ ಎಳೆಗಳಿಗೆ ಒಂದೇ ಅಳತೆ ಸೂಚಿಸಿದ, 55 ಡಿಗ್ರಿಯ ಆ ಎಳೆಗೆ ಇವತ್ತಿಗೂ ಅವನ ಹೆಸರೇ. ಅದೇ ವಿಟ್‌ವರ್ತ್ 1850ರ ದಶಕದಲ್ಲಿ ಆರು ಮೂಲೆಯ ನಳಿಗೆಯ ರೈಫಲ್ ಮಾಡಿದ. 1860ರ ಜುಲೈ 2ರಂದು ವಿಂಬಲ್ಡನ್ ಬಯಲಿನಲ್ಲಿ ವಿಕ್ಟೋರಿಯಾ ರಾಣಿ ದಾರ ಎಳೆದು ಹಾರಿಸಿದ್ದು ಅವನ ರೈಫಲ್ಲೇ; ಸ್ಟ್ಯಾಂಡಿನ ಮೇಲೆ ಕಟ್ಟಿಟ್ಟಿದ್ದ ಆ ರೈಫಲ್ಲಿನ ಈಡು 400 ಗಜ ದೂರದ ಗುರಿಯ ನಟ್ಟನಡುವಿಗೆ ಒಂದೂಕಾಲು ಇಂಚಿನಷ್ಟು ಹತ್ತಿರ ಬಿತ್ತು.

ಲೇತಿಗೂ ಕೋವಿಗೂ ನಂಟು ಹೀಗೆ ಹಳೆಯದು. ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಶಸ್ತ್ರಾಗಾರಕ್ಕಾಗಿ ಥಾಮಸ್ ಬ್ಲಾಂಚರ್ಡ್ 1819ರ ಹೊತ್ತಿಗೆ ಕೋವಿಯ ಮರದ ಹಿಡಿಯನ್ನೇ ಕಡೆಯುವ ಲೇತು ಕಟ್ಟಿದ. ಒಂದು ಕಡೆ ಮಾದರಿ ಹಿಡಿ ತಿರುಗುತ್ತಿದ್ದರೆ ಅದನ್ನು ಸವರುವ ಗಾಲಿಯ ಜೊತೆಗೇ ಉಳಿಯೂ ಏರಿಳಿಯುತ್ತಿತ್ತು, ದುಂಡಗಿಲ್ಲದ ಅಂಕುಡೊಂಕಿನ ಆಕಾರವೂ ಮರದಲ್ಲಿ ಮೂಡುತ್ತಿತ್ತು. ಇನ್ನೂ ಹಿಂದೆ, 1785ರಲ್ಲಿ, ಪ್ಯಾರಿಸ್ಸಿನ ಬಳಿ ಹೊನೋರೆ ಬ್ಲಾಂಕ್ ಎಂಬಾತ ಕೋವಿಯ ಬಿಡಿಭಾಗಗಳನ್ನು ರಾಶಿಯಿಂದ ಕೈಗೆ ಸಿಕ್ಕಿದ್ದು ಎತ್ತಿ ಜೋಡಿಸಿ ತೋರಿಸಿದ್ದ. ಯಾವ ಭಾಗ ಯಾವ ಕೋವಿಗಾದರೂ ಹೊಂದಬೇಕೆಂಬ ಕನಸು ಕಾರ್ಖಾನೆಗಳಲ್ಲಿ ಬೇರೂರಿದ್ದು ಬಂದೂಕಿನ ದಾರಿಯಿಂದ.

ಆ ಕನಸು ಎಲ್ಲಿಗೆ ಬಂದು ನಿಲ್ಲುತ್ತದೆ ಎಂಬುದನ್ನು ನೋಡಲು ರೈಫಲ್ಲಿನ ತಳಭಾಗಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತೋರದು. ಮೌಸರ್ ಮಾದರಿಯ ಬೇಟೆ ರೈಫಲ್ಲುಗಳಲ್ಲಿ ತೋಟಾ ಮೇಲಿನಿಂದ ಒಂದೊಂದಾಗಿ ಒತ್ತುವುದು ವಾಡಿಕೆ. ಕೆಳಗೆ ಮರದ ಹಿಡಿಯಲ್ಲಿ ಹುದುಗಿದ ಲೋಹದ ಪಟ್ಟಿ, ಕುದುರೆಯ (ಟ್ರಿಗರ್) ಸುತ್ತ ಕಾವಲು ಬಳೆ. ಜೇಮ್ಸ್ ಪ್ಯಾರಿಸ್ ಲೀ ಎಂಬಾತ, ಸ್ಕಾಟ್ಲೆಂಡಿನಲ್ಲಿ ಹುಟ್ಟಿ ಕೆನಡಾದಲ್ಲಿ ಬೆಳೆದವನು, 1879ರಲ್ಲಿ ತೋಟಾಗಳ ಪೆಟ್ಟಿಗೆಯನ್ನೇ, ಅಂದರೆ ಮ್ಯಾಗಜೀನನ್ನೇ, ಕಳಚಿ ಸಿಕ್ಕಿಸುವ ಬಗೆಗೆ ಪೇಟೆಂಟ್ ಪಡೆದ. ಭಾರತೀಯ ಸೇನೆ ದಶಕಗಳ ಕಾಲ ಹೊತ್ತ ಲೀ–ಎನ್‌ಫೀಲ್ಡ್ ಅವನ ಹೆಸರಿನದ್ದೇ. ಬಂಗಾಳದ ಇಷಾಪುರದಲ್ಲಿ 1904ರಲ್ಲಿ ಶುರುವಾದ ರೈಫಲ್ ಕಾರ್ಖಾನೆ ಅದನ್ನು ಮಾಡುತ್ತಿತ್ತು. ಸೇನೆಯ .303 ತೋಟಾ ನಾಗರಿಕರಿಗೆ ಸಲ್ಲದೆಂದು ಅದೇ ಚೌಕಟ್ಟಿನ ಮೇಲೆ .315 ರೈಫಲ್ ಬಂತು. ಲೈಸೆನ್ಸ್ ಇರುವ ಕೆಲವರ ಮನೆಗಳಲ್ಲಿ ಈಗಲೂ ಅದು ಕಾಣಸಿಗುತ್ತದೆ.

ಮೇಲಿನಿಂದ ತುಂಬುವ ರೈಫಲ್ಲಿಗೆ ಕಳಚುವ ಮ್ಯಾಗಜೀನಿನ ತಳಪಟ್ಟಿ ಕೂರಿಸುವುದು ಹೊರದೇಶಗಳ ಗುರಿಕಾರರಲ್ಲಿ, ಬೇಟೆಗಾರರಲ್ಲಿ ಈಗ ಸಾಮಾನ್ಯ ಕೆಲಸ. ಯಂತ್ರದಲ್ಲಿ ಕೊರೆದ ಅಲ್ಯೂಮಿನಿಯಂ ತುಂಡು ಪೆಟ್ಟಿಗೆಯಲ್ಲಿ ಬರುತ್ತದೆ, ಅಳತೆ ಕರಾರುವಾಕ್ಕು. ಆದರೆ ಮರದ ಅಳತೆ ಕರಾರುವಾಕ್ಕಲ್ಲ. ಅಕ್ರೋಟು ಮರ ಮಳೆಗಾಲದಲ್ಲಿ ಊದುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಎಳೆ ಒಂದು ಕಡೆ ನೇರ, ಒಂದು ಕಡೆ ತಿರುವು. ಹಾಗಾಗಿ ಇಲ್ಲೂ ಕೊನೆಯ ಮಾತು ಕೈಯದೇ. ಹಳೆಯ ಇಂಗ್ಲಿಷ್ ಕೋವಿಗಾರರು ಲೋಹದ ತುಂಡನ್ನು ಎಣ್ಣೆದೀಪದ ಹೊಗೆಗೆ ಹಿಡಿದು ಮಸಿ ಕೂರಿಸುತ್ತಿದ್ದರು. ಮರದ ಗುಳಿಯಲ್ಲಿಟ್ಟು ಮೆಲ್ಲಗೆ ತಟ್ಟಿ ತೆಗೆದರೆ, ಕಪ್ಪು ಹತ್ತಿದ ಕಡೆ ಇನ್ನೂ ಮರ ತೆಗೆಯಬೇಕೆಂದು ಅರ್ಥ. ಚೂಪು ಉಳಿಯಿಂದ ಒಂದು ಸಿಪ್ಪೆ. ಮತ್ತೆ ಮಸಿ, ಮತ್ತೆ ತಟ್ಟು. ಯಂತ್ರಪುರದ ನೀಲಿಗೂ ಆ ದೀಪದ ಕಪ್ಪಿಗೂ ಬಣ್ಣದ ವ್ಯತ್ಯಾಸ ಮಾತ್ರ.

ಆ ತಳಪಟ್ಟಿ ಎಷ್ಟು ಆಳಕ್ಕೆ ಕೂರಬೇಕು ಎಂಬುದರಲ್ಲೇ ಎಲ್ಲ ಇದೆ. ಒಂದು ಕೂದಲಷ್ಟು ಜಾಸ್ತಿ ಒಳಗೆ ಹೋದರೆ ಮ್ಯಾಗಜೀನು ಮೇಲೇರಿ, ತೋಟಾವನ್ನು ನಳಿಗೆಗೆ ನೂಕುವ ಬೋಲ್ಟಿನ ಹೊಟ್ಟೆಗೆ ಉಜ್ಜುತ್ತದೆ. ಹೊರಗೆ ಉಳಿದರೆ ತೋಟಾ ತಗ್ಗಿನಲ್ಲೇ ಇರುತ್ತದೆ, ಬೋಲ್ಟು ಅದರ ತಲೆಯ ಮೇಲಿಂದ ಜಾರಿ ಖಾಲಿ ಹೋಗುತ್ತದೆ. ಹಿಂದೆ ಮುಂದೆ ಎರಡು ತಿರುಪುಗಳು ತಳಪಟ್ಟಿಯನ್ನೂ ಮೇಲಿನ ಉಕ್ಕಿನ ಮೈಯನ್ನೂ, ನಡುವಿನ ಮರವನ್ನು ಒತ್ತಿ, ಬಿಗಿಯುತ್ತವೆ. ಮರದ ತಳ ಸಮವಾಗಿರದಿದ್ದರೆ ಆ ಬಿಗಿತಕ್ಕೆ ಉಕ್ಕಿನ ಮೈಯೇ ಬಾಗುತ್ತದೆ, ಕಣ್ಣಿಗೆ ಕಾಣದಷ್ಟು. ಡಯಲ್ ಗೇಜಿನ ಮುಳ್ಳನ್ನು ನಳಿಗೆಗೆ ತಾಗಿಸಿ ತಿರುಪು ಸಡಿಲಿಸಿದರೆ ಗೊತ್ತಾಗುತ್ತದೆ: ಮುಳ್ಳು ನಿಂತಲ್ಲೇ ನಿಂತರೆ ಒಳ್ಳೆಯ ಕೂಟ, ಹಲವು ಥೌ (ಇಂಚಿನ ಸಾವಿರದಲ್ಲೊಂದು ಭಾಗ) ಓಡಿದರೆ ಅಷ್ಟೂ ದಿನ ಉಕ್ಕು ತಿರುಚಿಕೊಂಡು ಕೂತಿತ್ತೆಂದು ಲೆಕ್ಕ. ಅದಕ್ಕೇ ತಿರುಪಿನ ತೂತಿನಲ್ಲಿ ಲೋಹದ ಕೊಳವೆ ಹಾಕಿ, ಲೋಹಕ್ಕೆ ಲೋಹ ಆನಿಸಿ, ಮರದ ಮೇಲಿನ ಭಾರ ತೆಗೆಯುತ್ತಾರೆ. ಒದೆತವನ್ನು ತಡೆಯುವ ಉಕ್ಕಿನ ಉಬ್ಬೊಂದೇ ಮರಕ್ಕೆ ಹಿಂದುಗಡೆ ಗಟ್ಟಿಯಾಗಿ ಆತುಕೊಂಡಿರಬೇಕು; ಮ್ಯಾಗಜೀನಿನ ಸುತ್ತ, ನಳಿಗೆಯ ಕೆಳಗೆ ಗಾಳಿ ಆಡಬೇಕು. ಎಲ್ಲ ಕಡೆ ಬಿಗಿಯಾಗಿ ಕಚ್ಚಿಸಿದ ರೈಫಲ್ ನೋಡಲು ಅಂದ, ಗುರಿ ಮಾತ್ರ ದಿನಕ್ಕೊಂದು ಕಡೆ.

ನಮ್ಮಲ್ಲಿ ಈ ಕೆಲಸ ಲೇತ್ ಅಂಗಡಿಯದ್ದಲ್ಲ, ಆಗಲೂಬಾರದು. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಕೋವಿ ಇಟ್ಟುಕೊಳ್ಳಲು ಲೈಸೆನ್ಸ್ ಬೇಕಾದಂತೆ ಅದನ್ನು ರಿಪೇರಿ ಮಾಡಲು, ಮಾರ್ಪಡಿಸಲು ಕೂಡ ಪ್ರತ್ಯೇಕ ಲೈಸೆನ್ಸ್ ಬೇಕು. ದಾವಣಗೆರೆ ಜಿಲ್ಲೆಯ ಅಡಿಕೆ ತೋಟಗಳ ಅಂಚಿನಲ್ಲಿ ಹಂದಿ ಕಾಯಲು ಕೋವಿ ಇಟ್ಟುಕೊಂಡ ರೈತ ಚುನಾವಣೆ ಬಂತೆಂದರೆ ಅದನ್ನು ಠಾಣೆಗೆ ಒಪ್ಪಿಸಿ ರಸೀದಿ ಪಡೆಯುತ್ತಾನೆ. ಇದು ಸರಿಯಾದ ಕಟ್ಟುಪಾಡು ಎಂದೇ ನನ್ನ ಅಭಿಪ್ರಾಯ. ಕೊಡಗಿನ ಕಥೆ ಬೇರೆ. ಅಲ್ಲಿ ಕೊಡವರಿಗೂ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಲೈಸೆನ್ಸಿನ ವಿನಾಯಿತಿ ಇದೆ. ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿದೆ, ಹೈಕೋರ್ಟ್ 2021ರಲ್ಲಿ ಎತ್ತಿಹಿಡಿದಿದೆ. ಕೈಲ್‌ಪೊಳ್ದ್ ಹಬ್ಬದಂದು ಕೋವಿಗೆ ಹೂವಿಟ್ಟು ಪೂಜೆ, ಗಂಡುಮಗು ಹುಟ್ಟಿದರೆ ಒಂದು ಈಡು, ಯಾರಾದರೂ ಸತ್ತರೆ ಎರಡು. ಅಜ್ಜನ ಕೋವಿಯ ಮರ ಸೀಳಿದರೆ ಮೊಮ್ಮಗ ಅದನ್ನು ಎಸೆಯುವುದಿಲ್ಲ, ಒಳ್ಳೆಯ ಕೈ ಹುಡುಕಿಕೊಂಡು ಹೋಗುತ್ತಾನೆ. ಅಂಥ ಕೈಗಳಿಗೆ ಬೆಲೆ ಇರುವ ನಾಡು ಅದು.

ಮತ್ತೆ ಹರಿಹರಕ್ಕೆ. ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ 1224ರ ಹೊತ್ತಿಗೆ ಕಟ್ಟಿಸಿದ ಹರಿಹರೇಶ್ವರ ದೇವಸ್ಥಾನದ ಮಂಟಪದಲ್ಲಿ ನಿಂತರೆ, ಕಂಬಗಳ ಬಳೆ, ಗಂಟೆ, ತಟ್ಟೆಗಳ ಸುತ್ತು ಎಲ್ಲೂ ಹೆಚ್ಚು ಕಡಿಮೆ ಆಗದೆ ಒಂದೇ ಕೇಂದ್ರದ ಸುತ್ತ ಬಂದಿರುವುದು ಕಾಣುತ್ತದೆ. ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆದು, ಗಾಳಿಗೆ ಬಿದ್ದಂತೆ ಗಟ್ಟಿ. ಮೆದುವಿದ್ದಾಗಲೇ ತಿರುಗಣಿಯ ಮೇಲೆ ಕಡೆದ ಕಂಬಗಳಿವು ಎಂದು ಕಲಾ ಇತಿಹಾಸಕಾರರು ಹೇಳುತ್ತಾರೆ. ಟನ್ನುಗಟ್ಟಲೆ ಭಾರದ ಕಲ್ಲನ್ನು ಅಲುಗದಂತೆ ಹಿಡಿದು ತಿರುಗಿಸಿದವರು ಸೆಂಟರ್ ಹಿಡಿಯುವುದನ್ನು ಚೆನ್ನಾಗಿ ಬಲ್ಲವರೇ ಆಗಿರಬೇಕು. ಅದೇ ಊರಿಗೆ ಏಳುನೂರು ವರ್ಷಗಳ ಮೇಲೆ ಲೇತಿನ ಕಾರ್ಖಾನೆ ಬಂತು. ಕಾಕತಾಳೀಯವೇ ಇರಬಹುದು. ಯಂತ್ರಪುರದಿಂದ ರಜೆಯ ದಿನ ಮಕ್ಕಳೊಂದಿಗೆ ದೇವಸ್ಥಾನಕ್ಕೆ ಬರುತ್ತಿದ್ದ ಟರ್ನರುಗಳು ಆ ಕಂಬಗಳ ಮೇಲೆ ಅಂಗೈ ಆಡಿಸಿ ನೋಡದೇ ಇದ್ದಿರಲಾರರು.

1991ರ ನಂತರ ಹೊರದೇಶದ ಯಂತ್ರಗಳಿಗೆ ಬಾಗಿಲು ತೆರೆಯಿತು, ಕಂಪ್ಯೂಟರ್ ಹೇಳಿದಂತೆ ಓಡುವ ಸಿಎನ್‌ಸಿ ಯಂತ್ರಗಳು ಬಂದವು, ಸಾಲ ಏರಿತು, ಹೊಸ ಶತಮಾನದ ಮೊದಲ ವರ್ಷಗಳಲ್ಲಿ ಮೈಸೂರು ಕಿರ್ಲೋಸ್ಕರ್ ನಿಂತೇ ಹೋಯಿತು. ಸಾವಿರಾರು ಕುಟುಂಬಗಳ ಕಥೆ ಅದು. ದಾವಣಗೆರೆಯ ಹತ್ತಿ ಗಿರಣಿಗಳು ಒಂದೊಂದಾಗಿ ಮುಚ್ಚಿದ್ದನ್ನು ಕಂಡಿದ್ದ ಈ ಸೀಮೆಗೆ ಇನ್ನೊಂದು ಪೆಟ್ಟು. ಗಿರಣಿಗಳ ಬಗ್ಗೆ, ಕೆಂಬಾವುಟದ ದಿನಗಳ ಬಗ್ಗೆ ಊರಿನಲ್ಲಿ ಇನ್ನೂ ಮಾತಿದೆ. ಯಂತ್ರಪುರದ ನೆನಪು ಹೆಚ್ಚಾಗಿ ಕಾರ್ಮಿಕರಿಗೆ ಬರಬೇಕಿದ್ದ ಬಾಕಿ ಹಣದ ನೆನಪಾಗಿ ಉಳಿಯಿತು. ಅಲ್ಲಿದ್ದ ವಿದ್ಯೆಯ ಬಗ್ಗೆ ಮಾತಾಡಿದವರು ಕಡಿಮೆ.

ಯಂತ್ರಗಳು ಮಾತ್ರ ಸತ್ತಿಲ್ಲ. ದಾವಣಗೆರೆಯ ಲೇತ್ ಅಂಗಡಿಗಳಲ್ಲಿ ಟ್ರ್ಯಾಕ್ಟರಿನ ಆಕ್ಸಲ್, ಬೋರ್‌ವೆಲ್ ಪಂಪಿನ ಶಾಫ್ಟು, ಅಕ್ಕಿ ಗಿರಣಿಯ ರೋಲರು, ಅಡಿಕೆ ಸುಲಿಯುವ ಯಂತ್ರದ ಬುಶ್ಶು ದಿನಾ ಬರುತ್ತವೆ. ತುರ್ತು ಎಂಬುದು ಅಲ್ಲಿ ಎಲ್ಲರ ಬಾಯಲ್ಲೂ ಇರುವ ಮಾತು. ಕಟಾವಿನ ಕಾಲದಲ್ಲಿ ಟ್ರ್ಯಾಕ್ಟರ್ ನಿಂತರೆ ರೈತ ಅಂಗಡಿ ಮುಂದೆಯೇ ಕೂರುತ್ತಾನೆ. ಅಲ್ಲಿನ ಲೇತುಗಳದ್ದು ಹಲ್ಲು ಸವೆದ ಗೇರು, ಬಣ್ಣ ಹೋದ ಹೆಡ್‌ಸ್ಟಾಕು, ಅದರ ಮೇಲೆ ಅರ್ಧ ಅಳಿಸಿದ ಕಿರ್ಲೋಸ್ಕರ್ ಅಕ್ಷರ. ಆಯುಧಪೂಜೆಯ ದಿನ ಆ ಅಕ್ಷರಗಳಿಗೇ ಕುಂಕುಮ. ಹಳೆಯ ಲೇತನ್ನು ಕೊಳ್ಳುವ ಜಾಣರು ಮೊದಲು ನೋಡುವುದು ಬೆಡ್ಡಿನ ಚಕ್ಕಿನ ಕಡೆಯ ಒಂದಡಿಯನ್ನು. ಕೆಲಸವೆಲ್ಲ ಅಲ್ಲೇ ಆಗುವುದರಿಂದ ಸವೆತವೂ ಅಲ್ಲೇ. ಸ್ಯಾಡಲನ್ನು ಟೇಲ್‌ಸ್ಟಾಕಿನ ಕಡೆ ಒಯ್ದಾಗ ಬಿಗಿಯಾಗಿ, ಚಕ್ಕಿನ ಬಳಿ ತಂದಾಗ ಸಡಿಲವಾದರೆ ಬೆಡ್ಡು ಕೆರೆಸಬೇಕು. ಕೆರೆಯುವವರನ್ನು ಹುಡುಕಬೇಕು. ಈಗ ತೊಡಕಿರುವುದು ಇಲ್ಲೇ.

ಐಟಿಐಗಳಲ್ಲಿ ಫಿಟ್ಟರ್ ಕೋರ್ಸು ಎರಡು ವರ್ಷ. ಹುಡುಗರಿಗೆ ಕೊಡುವ ಹಳೆಯ ಜಾಬು ಇಂದಿಗೂ ಉಳಿದಿದೆ: ಒಂದು ಉಕ್ಕಿನ ತುಂಡಿನಲ್ಲಿ ಚೌಕ ಕಿಂಡಿ, ಇನ್ನೊಂದರಲ್ಲಿ ಅದರೊಳಗೆ ಹೊಗುವ ಚೌಕ. ಅರದಿಂದ ಉಜ್ಜಿ ಉಜ್ಜಿ, ನಾಲ್ಕು ದಿಕ್ಕಿನಲ್ಲಿ ತಿರುಗಿಸಿ ಹಾಕಿದರೂ ಒಂದೇ ಬಿಗಿಯಲ್ಲಿ ಕೂರಬೇಕು, ಬೆಳಕಿಗೆ ಹಿಡಿದರೆ ಸಂದಿಯಲ್ಲಿ ಕಿರಣ ಕಾಣಬಾರದು. ಮೂಲೆಯಲ್ಲಿ ಸಣ್ಣ ತೂತು ಕೊರೆದು ಬಿಟ್ಟಿರುತ್ತಾರೆ, ಮೂಲೆ ಮೂಲೆಗೆ ಮುಟ್ಟದಿರಲಿ ಎಂದು. ಹುಡುಗರು ಬೇಸರಿಸಿಕೊಳ್ಳುತ್ತಾರೆ, ಯಂತ್ರ ನಿಮಿಷದಲ್ಲಿ ಮಾಡುವುದನ್ನು ಕೈಯಲ್ಲೇಕೆ ಎಂದು ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ಹಲವು ಸಿಎನ್‌ಸಿ ಯಂತ್ರಗಳ ಬೆಡ್ಡು ಕೂಡ ಎಲ್ಲೋ ಒಬ್ಬ ಫಿಟ್ಟರ್ ನೀಲಿ ಹಚ್ಚಿ ಜೋಡಿಸಿದ್ದು, ಅತಿ ಸೂಕ್ಷ್ಮ ಗ್ರೈಂಡಿಂಗ್ ಯಂತ್ರಗಳನ್ನು ಜಪಾನ್, ಸ್ವಿಟ್ಜರ್ಲೆಂಡಿನಲ್ಲಿ ಇಂದಿಗೂ ಕೈಯಿಂದಲೇ ಕೆರೆಯುತ್ತಾರೆ ಎಂಬ ಉತ್ತರವನ್ನು ಅವರಿಗೆ ಯಾರಾದರೂ ಹೇಳಬೇಕು, ಕೆರೆದು ತೋರಿಸಬೇಕು.

ತೋರಿಸಬಲ್ಲವರು ಇನ್ನೂ ಇದ್ದಾರೆ. ಯಂತ್ರಪುರದ ಓಣಿಗಳಲ್ಲಿ, ದಾವಣಗೆರೆಯ ಹಳೆಯ ಬಡಾವಣೆಗಳಲ್ಲಿ ಎಪ್ಪತ್ತು ದಾಟಿದ ನಿವೃತ್ತ ಫಿಟ್ಟರುಗಳಿದ್ದಾರೆ. ದಾವಣಗೆರೆಯಲ್ಲಿ 1951ರಲ್ಲಿ ಆರಂಭವಾದ ಯುಬಿಡಿಟಿ ಎಂಜಿನಿಯರಿಂಗ್ ಕಾಲೇಜಿದೆ, 1979ರ ಬಾಪೂಜಿ ಕಾಲೇಜಿದೆ, ಎರಡೂ ಊರಿನಲ್ಲಿ ಐಟಿಐಗಳಿವೆ. ವಾರಕ್ಕೊಂದು ದಿನ ಒಬ್ಬ ಹಿರಿಯ ಫಿಟ್ಟರನ್ನು ಕರೆಸಿ ಗೌರವಧನ ಕೊಟ್ಟು, ಒಂದು ಸರ್ಫೇಸ್ ಪ್ಲೇಟು, ಒಂದು ಹಳೆಯ ಸ್ಯಾಡಲು, ಒಂದು ಡಬ್ಬಿ ನೀಲಿ ಮುಂದಿಟ್ಟರೆ ಸಾಕು. ಅವರ ಕೆಲಸವನ್ನು ಮೊಬೈಲಿನಲ್ಲಿ ಚಿತ್ರೀಕರಿಸಿ, ಅವರ ಮಾತನ್ನು ಅವರದೇ ಕನ್ನಡದಲ್ಲಿ ಬರೆದಿಡುವುದಕ್ಕೆ ದೊಡ್ಡ ಯೋಜನೆಯೇನೂ ಬೇಡ. ಸ್ಕ್ರೇಪರ್ ಎಷ್ಟು ಓರೆ ಹಿಡಿಯಬೇಕು, ನೀಲಿ ಎಷ್ಟು ತೆಳ್ಳಗಿರಬೇಕು, ಯಾವ ಚುಕ್ಕೆಯನ್ನು ಮುಟ್ಟದೆ ಬಿಡಬೇಕು ಎಂಬುದು ಯಾವ ಡ್ರಾಯಿಂಗಿನಲ್ಲೂ ಇಲ್ಲ. ಈ ಶೈಕ್ಷಣಿಕ ವರ್ಷದಲ್ಲೇ ಯಾವುದಾದರೂ ಒಂದು ಕಾಲೇಜಿನ ಮೆಕ್ಯಾನಿಕಲ್ ವಿಭಾಗ ಇದನ್ನು ಕೈಗೆತ್ತಿಕೊಳ್ಳಬಹುದು.